ಬಾನೆಟ್ಟಿನ ಮೇಲಿನ ಕರ್ಪೂರದ ಕಲೆ

“ಬುದ್ಧಿ, ಹಿಂದಿನದನ್ನೆಲ್ಲ ಅಳಿಸಿಹಾಕಿದರೆ ತಾನೇ ಅಸಲಿ ನಾನು ಉಳಿಯುವುದು?” ಎಂದು ಶಿಷ್ಯ ಚನ್ನಮಲ್ಲ ಗುರುವನ್ನು ಕೇಳಿದ.

ಅವನ ಅಕ್ಕ ಬೆಳಿಗ್ಗೆಯಿಂದ ಮಠದ ಬಾಗಿಲಲ್ಲಿ ಕಾದು ಕೂತಿದ್ದಳು. ತಾಯಿಯಿಲ್ಲದ ಅವನನ್ನು ಎತ್ತಿ ಆಡಿಸಿ ಬೆಳೆಸಿದವಳು ಅವಳೇ. ಅವಳನ್ನು ನೋಡದೆ ಹಾಗೇ ಹಿಂದಕ್ಕೆ ಕಳಿಸಲು ಅವನಿಗೆ ಗುರುವಿನ ಅಪ್ಪಣೆ ಬೇಕಿತ್ತು. ಕೇಳುವಾಗ ಹುಬ್ಬಿನ ಮೇಲಿದ್ದ ಎಳವೆಯ ಗಾಯದ ಕಲೆಯನ್ನು ಉಜ್ಜಿಕೊಳ್ಳುತ್ತಿದ್ದ. ಗುರು ಅದನ್ನು ನೋಡಿದರು. ಕೂರಲು ಹೇಳಿ ಒಂದು ಕತೆ ಹೇಳಿದರು.

ಒಬ್ಬ ಬೆಲ್ಲದ ವರ್ತಕನಿದ್ದ. ಅವನ ಅಪ್ಪ, ಅಣೆಕಟ್ಟು ಕಟ್ಟಲು ಬಂದಿದ್ದ ವಿದೇಶಿ ಎಂಜಿನಿಯರನಿಂದ ಒಂದು ಅಮೆರಿಕದ ಕಾರು ಕೊಂಡಿದ್ದ. ಉದ್ದನೆಯ ಮೂತಿ, ದೈತ್ಯ ಎಂಜಿನ್ನು. ಚಾಲೂ ಮಾಡಿದರೆ ಅಕ್ಕಪಕ್ಕದ ಅಡುಗೆಮನೆಗಳ ಪಾತ್ರೆ ಅದುರುತ್ತಿದ್ದವು. ಅಂಥ ಕಾರು ಈ ಸೀಮೆಗೆ ಬಂದದ್ದೇ ಎರಡು. ಇನ್ನೊಂದು ಒಬ್ಬ ಕಾಫಿ ಸಾಹುಕಾರನದು. ಅದು ಎಂದೋ ಕಳುವಾಗಿತ್ತು.

ಎಂಜಿನ್ನು ಕೈಕೊಟ್ಟಾಗ ಅಪ್ಪ ಅದಕ್ಕೆ ಲಾರಿಯ ಎಂಜಿನ್ನು ಕೂರಿಸಿದ. ಊರು ನಕ್ಕಿತು, ಕಾರು ಓಡಿತು. ಆಯುಧಪೂಜೆಗೆ ಬೇರೆಯವರು ತಟ್ಟೆಯಲ್ಲಿ ಕರ್ಪೂರ ಹಚ್ಚಿದರೆ ಅವನು ಬಾನೆಟ್ಟಿನ ಮೇಲೇ ಹಚ್ಚುತ್ತಿದ್ದ. ಹೆಂಡತಿ ಎಷ್ಟು ಬೈದರೂ ಕೇಳುತ್ತಿರಲಿಲ್ಲ. ವರ್ಷ ವರ್ಷವೂ ಅದೇ ಜಾಗದಲ್ಲಿ ಬಣ್ಣ ಸುಟ್ಟು ಅಂಗೈಯಗಲದ ಒರಟು ಕಲೆಯಾಯಿತು. ಅವನು ತೀರಿಕೊಂಡ ಮೇಲೆ, ಬೈಯುತ್ತಿದ್ದ ಅದೇ ಹೆಂಡತಿ ಆ ಕಲೆಗೆ ತಾನೇ ಕುಂಕುಮ ಇಡತೊಡಗಿದಳು. ಕಣ್ಣು ಮಂಜಾದ ಮೇಲೂ ತಡವಿ ತಡವಿ ಇಡುತ್ತಿದ್ದಳು.

ಮಗನಿಗೆ ಹಳೆಯ ಕಾರುಗಳ ಪ್ರದರ್ಶನದ ಹುಚ್ಚು ಹಿಡಿಯಿತು. ಅಲ್ಲಿನ ಬಲ್ಲವರು ಕಾರನ್ನು ನೋಡಿ ಮೂಗು ಮುರಿದರು. ಕಾರ್ಖಾನೆಯಿಂದ ಇಳಿದ ದಿನ ಹೇಗಿತ್ತೋ ಹಾಗಿದ್ದರೆ ಮಾತ್ರ ಅಸಲಿ, ಇದು ಬೆರಕೆ ಎಂದರು. ಬೆರಕೆ ಎಂಬ ಮಾತು ವರ್ತಕನಿಗೆ ಚುಚ್ಚಿತು. ಲಾರಿ ಎಂಜಿನ್ನನ್ನು ಕೀಳಿಸಿದ. ಒಬ್ಬ ಗುಜರಿಯವನ ಬಳಿ ಅದೇ ಜಾತಿಯ ಅಸಲಿ ಎಂಜಿನ್ನು ಸಿಕ್ಕಿತು. ಎಲ್ಲಿಂದ ಬಂತೆಂದು ಕೇಳುವ ವ್ಯವಧಾನ ಅವನಿಗಿರಲಿಲ್ಲ. ತುಕ್ಕು ಹಿಡಿದಿದೆಯೆಂದು ಕಾರಿನ ಮೂಲ ನಂಬರು ಕೊರೆದಿದ್ದ ತಗಡನ್ನೂ ಕತ್ತರಿಸಿ ಎಸೆಸಿದ. ಅಪ್ಪ ಸಂತೆ ಗೇಟಿಗೆ ಗುದ್ದಿದಾಗ ಬಿದ್ದ ನೆಗ್ಗನ್ನು ತೆಗೆಸಿದ. ಕೊನೆಗೆ ಕರ್ಪೂರದ ಕಲೆಯನ್ನೂ ಉಜ್ಜಿಸಿ ಹೊಸ ಬಣ್ಣ ಬಳಿಸಿದ. ಕಾರು ಮದುಮಗನ ಹಾಗೆ ಕಾಣುತ್ತಿತ್ತು. ಪ್ರದರ್ಶನದಲ್ಲಿ ಅಸಲಿ ಎಂದು ಅದರ ಮೂತಿಗೆ ಹಾರ ಹಾಕಿದರು.

ಆ ಹಾರದ ಫೋಟೋ ನೋಡಿ ಕಾಫಿ ಸಾಹುಕಾರನ ಮೊಮ್ಮಗ ಬಂದ. ತಾತನ ಕಾಗದದಲ್ಲಿದ್ದ ನಂಬರೇ ಎಂಜಿನ್ನಿನ ಮೇಲಿರುವುದನ್ನು ತೋರಿಸಿ, ಇದು ಕಳುವಾದ ನಮ್ಮ ಕಾರು ಎಂದ. ಎಂಜಿನ್ನು ಮಾತ್ರ ಹೊರಗಿನದು, ಕಾರು ನನ್ನಪ್ಪನದು ಎಂದು ವರ್ತಕ ಬಾಯಿ ಬಾಯಿ ಬಡಿದುಕೊಂಡ. ಇಬ್ಬರೂ ಒಪ್ಪಿದ ಒಬ್ಬ ಹಿರಿಯರು ತೀರ್ಮಾನಕ್ಕೆ ಕೂತರು. ನಿಮ್ಮಪ್ಪನದೆಂಬುದಕ್ಕೆ ಗುರುತು ತೋರಿಸು ಎಂದರು. ವರ್ತಕ ಕಾರನ್ನು ಸುತ್ತು ಹಾಕಿದ. ಅಪ್ಪನ ಕಾಗದಕ್ಕೆ ತಾಳೆಯಾಗುವ ನಂಬರು ತಗಡಿನ ಜೊತೆ ಹೋಗಿತ್ತು, ಎಲ್ಲೂ ಒಂದು ಗೀರೂ ಇರಲಿಲ್ಲ. ನೆರೆಹೊರೆಯವರನ್ನು ಕರೆಸಿದ, ಈ ಹೊಸ ಗಾಡಿಯ ಮೇಲೆ ಹೇಗೆ ಆಣೆ ಇಡೋಣ ಎಂದು ಅವರು ಹಿಂಜರಿದರು. ಕೊನೆಗೆ ತಾಯಿಯನ್ನು ಕರೆತಂದ.

ಮುದುಕಿ ಬಾನೆಟ್ಟಿನ ಮೇಲೆ ಕೈಯಿಟ್ಟಳು. ಆ ತುದಿಯಿಂದ ಈ ತುದಿಗೆ ಸವರಿದಳು. ಮತ್ತೆ ಸವರಿದಳು. ಎಲ್ಲ ಕಡೆಯೂ ನುಣ್ಣಗಿತ್ತು.

“ಇದು ನಮ್ಮ ಕಾರಲ್ಲ ಕಣಪ್ಪ,” ಎಂದಳು. “ಯಾರದೋ ಏನೋ, ಪಾಪ, ಕೊಟ್ಟುಬಿಡು.”

ವರ್ತಕ ತಾಯಿಯ ಕೈ ಹಿಡಿದುಕೊಂಡ. “ನಮ್ಮದೇ ಕಣವ್ವ. ಕಲೆಯನ್ನ ನಾನೇ ಉಜ್ಜಿಸಿಬಿಟ್ಟೆ,” ಎಂದ.

“ಯಾಕಪ್ಪ? ಅದೇನು ಕೊಳೆಯಾಗಿತ್ತಾ?” ಎಂದಳು ತಾಯಿ.

ಅವಳು ಬೈಯಲು ಕೇಳಿದ್ದಲ್ಲ; ಗೊತ್ತಾಗದೆ ಕೇಳಿದ್ದಳು. ಅದಕ್ಕೇ ಅವನಿಗೆ ಅಷ್ಟು ನೋವಾಯಿತು. ಅವನು ಮತ್ತೆ ವಾದಕ್ಕೆ ನಿಲ್ಲಲಿಲ್ಲ. ಮೊಮ್ಮಗ ಕಾರು ಓಡಿಸಿಕೊಂಡು ಹೋದ. ಎಂಜಿನ್ನು ಬಿಟ್ಟರೆ ಅದರಲ್ಲಿ ತನ್ನದೇನೂ ಇಲ್ಲವೆಂದು ಅವನಿಗೂ ತಿಳಿಯಲಿಲ್ಲ. ಆ ವರ್ಷದ ಆಯುಧಪೂಜೆಗೆ ಮುದುಕಿ ಕುಂಕುಮದ ಬಟ್ಟಲು ಹಿಡಿದು ಅಂಗಳಕ್ಕೆ ಬಂದಳು, ಸ್ವಲ್ಪ ಹೊತ್ತು ನಿಂತಳು, ಒಳಗೆ ಹೋದಳು. ವರ್ತಕ ಬಾಗಿಲ ಮರೆಯಲ್ಲಿ ನಿಂತು ಅತ್ತ.

ಗುರು ಕತೆ ನಿಲ್ಲಿಸಿದರು. ಚನ್ನಮಲ್ಲನ ಕೈ ತಾನಾಗಿ ಹುಬ್ಬಿಗೆ ಹೋಗಿತ್ತು, ಆದರೆ ಈಗ ಉಜ್ಜುತ್ತಿರಲಿಲ್ಲ.

“ಹಾಗಾದರೆ ಅಸಲಿ ಕಾರು ಯಾವುದು ಬುದ್ಧಿ?” ಎಂದು ಮೆಲ್ಲನೆ ಕೇಳಿದ.

“ಹೋಗಪ್ಪ,” ಎಂದರು ಗುರು, “ನಿನ್ನ ಹುಬ್ಬನ್ನು ತಡವಿ ನೀನೇ ಎಂದು ಹೇಳಬಲ್ಲವಳು ಇನ್ನೂ ಬಾಗಿಲಲ್ಲೇ ಕೂತಿದ್ದಾಳೆ.”