ಬರ್ತೀವಿ ಅಂದ ಮನೆ

ನದಿ ಹುಟ್ಟುವ ಕುಂಡದಿಂದ ಅದು ಕಡಲು ಸೇರುವ ತನಕ ದಡ ಹಿಡಿದು ನಡೆದುಬಿಡುತ್ತೇನೆ ಅಂತ ಬೋಳಯ್ಯ ಗುರುಗಳು ಹೊರಟಾಗ ಅವರಿಗೆ ಎಂಬತ್ತು ತುಂಬಿತ್ತು. ಬೇಡ ಅಂದರೆ ಕೇಳುವ ಜೀವ ಅಲ್ಲ. ಶಿಷ್ಯ ಚಿಕ್ಕೀರ ಗಂಟು ಹೆಗಲಿಗೇರಿಸಿ ಹಿಂದೆ ನಡೆದ.

ನಲವತ್ತು ದಿನ ಕಳೆಯುವಷ್ಟರಲ್ಲಿ ಚಿಕ್ಕೀರನ ಹಿಮ್ಮಡಿ ಒಡೆದು ರಕ್ತ ಜಿನುಗುತ್ತಿತ್ತು. ಗುರುಗಳ ಪಾಡು ಇನ್ನೂ ಕಷ್ಟ. ನೂರು ಹೆಜ್ಜೆಗೊಂದು ಸಲ ಕೂರುವರು, ಕೆಮ್ಮುವರು, ಏಳುವರು. ನದಿಯೊಂದೇ ಸುಸ್ತಿಲ್ಲದೆ ಹೋಗುತ್ತಿತ್ತು. ಅದನ್ನು ನೋಡಿದರೇ ಚಿಕ್ಕೀರನಿಗೆ ಮೈಯೆಲ್ಲ ಉರಿಯುತ್ತಿತ್ತು.

ದಿನಕ್ಕೊಂದು ಮನೆಯ ಊಟ. ಉಂಡು ಹೊರಡುವಾಗ ಗುರುಗಳು ಹೊಸಿಲ ಬಳಿ ನಿಂತು ಕೈ ಮುಗಿದು, "ಬರ್ತೀನಿ ತಾಯಿ" ಅನ್ನುವರು. ಎಲ್ಲರೂ ಅನ್ನುವ ಮಾತೇ. ಚಿಕ್ಕೀರ ಮಾತ್ರ "ಹೋಗ್ತೀನಿ" ಅನ್ನುವನು.

ಅವನು ಸುಳ್ಳಾಡುವುದಿಲ್ಲ ಅಂತ ವ್ರತ ಹಿಡಿದು ಹನ್ನೆರಡು ವರ್ಷವಾಗಿತ್ತು. ಮತ್ತೆ ತುಳಿಯದ ಮನೆಗೆ ಬರ್ತೀನಿ ಅನ್ನುವುದು ಸುಳ್ಳಲ್ಲದೆ ಇನ್ನೇನು? ಕೇಳಿದ ಹೆಂಗಸರ ಮುಖ ಸಣ್ಣಗಾಗುತ್ತಿತ್ತು. ಒಬ್ಬಾಕೆಯ ಗಂಡ ಒಳಗೆ ಕಾಯಿಲೆ ಬಿದ್ದು ಮಲಗಿದ್ದ. ಹಾಗನ್ನಬೇಡಿ ಸ್ವಾಮಿ, ಹೋಗಿ ಬರ್ತೀನಿ ಅನ್ನಿ ಅಂತ ಅವಳು ಗೋಗರೆದಳು. ಇವನು ಜಗ್ಗಲಿಲ್ಲ. ಎಂಥ ಸತ್ಯವಂತ ನೋಡಿ!

ಆ ಮಧ್ಯಾಹ್ನ ಒಂದು ಹೊಂಗೆ ಮರದಡಿ ಕೂತಾಗ ಅವನು ಗುರುಗಳನ್ನೇ ತರಾಟೆಗೆ ತೆಗೆದುಕೊಂಡ. ಬಿಸಿಲು, ಹಸಿವು, ಕಾಲು ನೋವು ಎಲ್ಲ ಸೇರಿ ಅವನ ಬಾಯಿಗೆ ಬಂದಿತ್ತು.

"ನಲವತ್ತು ದಿನದಲ್ಲಿ ನಲವತ್ತು ಸುಳ್ಳು ಹೇಳಿದ್ದೀರಿ, ಗುರುಗಳೇ."

ಗುರುಗಳು ಕಾಲು ಒತ್ತಿಕೊಳ್ಳುತ್ತಿದ್ದರು. "ಆ ಹೋಗ್ತೀನಿ ಅನ್ನೋ ಮಾತು ಮೊದಲು ಯಾರಿಗೆ ಹೇಳ್ದೆ?"

ಚಿಕ್ಕೀರ ನದಿಯ ಕಡೆ ಮುಖ ತಿರುಗಿಸಿದ. "ನಮ್ಮಕ್ಕನಿಗೆ."

ಆಮೇಲೆ ಎಲ್ಲವನ್ನೂ ಹೇಳಿದ. ಹೆತ್ತವ್ವ ತೀರಿಕೊಂಡಾಗ ಅವನಿಗೆ ಎರಡು ವರ್ಷ. ಸಾಕಿದವಳು ಅಕ್ಕ ಹೊಂಬಾಳಮ್ಮ. ಮದುವೆಯಾಗಿ ಹೋಗುವಾಗಲೂ ಸೊಂಟದ ಮೇಲೆ ಇವನನ್ನು ಹೊತ್ತುಕೊಂಡೇ ಹೋದವಳು. ಆಶ್ರಮ ಸೇರುತ್ತೇನೆ ಅಂದಾಗ ಬೇಡ ಅಂದಳು, ಜಗಳವಾಯಿತು. ಅವನು ಹೊಸಿಲು ದಾಟಿ ಹೋಗ್ತೀನಿ ಅಂದ. ಬರ್ತೀನಿ ಅನ್ನೋ, ಬರ್ತೀನಿ ಅನ್ನೋ ಅಂತ ಬೀದಿಯ ತುದಿಯವರೆಗೂ ಬಂದಳು. ಅವನು ಅನ್ನಲಿಲ್ಲ.

"ಅವಳ ಊರು ನಾಳೆ ಸಿಗುತ್ತೆ, ಈ ದಡದಲ್ಲೇ. ಇಲ್ಲಿ ಹರಿಗೋಲು ಇದೆ, ಆಚೆ ದಡಕ್ಕೆ ದಾಟಿಬಿಡೋಣ."

"ನೀನು ದಾಟು. ನನಗೆ ನಾಳೆ ಊಟ ಬೇಕು."

ಗುರುಗಳನ್ನು ಒಬ್ಬರನ್ನೇ ಬಿಡುವ ಹಾಗಿರಲಿಲ್ಲ. ಅವರ ರಟ್ಟೆ ಹಿಡಿಯದಿದ್ದರೆ ಅವರು ಹತ್ತು ಹೆಜ್ಜೆಯೂ ನಡೆಯಲಾರರು. ಬೇರೆ ದಾರಿಯಿಲ್ಲದೆ ಚಿಕ್ಕೀರ ಜೊತೆಗೆ ಹೋದ.

ಹೊಂಬಾಳಮ್ಮನ ತಲೆ ಪೂರಾ ನರೆತಿತ್ತು. ಅವಳು ತಮ್ಮನನ್ನು ಒಂದು ಸಲ ನೋಡಿದಳು. ಅಳಲೂ ಇಲ್ಲ, ಬಯ್ಯಲೂ ಇಲ್ಲ. ಕಾಲಿಗೆ ನೀರು ಕೊಟ್ಟಳು. ಒಡೆದ ಹಿಮ್ಮಡಿ ಕಂಡು ಒಳಗೆ ಹೋಗಿ ಹರಳೆಣ್ಣೆ ತಂದು ಪಕ್ಕದಲ್ಲಿಟ್ಟಳು. ಮುದ್ದೆ, ಸೊಪ್ಪಿನ ಸಾರು ಬಡಿಸಿದಳು. ಚಿಕ್ಕೀರ ತಲೆ ಎತ್ತದೆ ಉಂಡ.

ಅವಳು ಮಾತಾಡಿದ್ದು ಕೈಗೆ ನೀರು ಹಾಕುವಾಗ, ಅದೂ ಗುರುಗಳ ಕಡೆ ನೋಡಿಕೊಂಡು.

"ಮನೆಯವರು ಹೊರಟ ಬೆನ್ನಿಗೇ ಕಸ ಗುಡಿಸಬಾರದು ಸ್ವಾಮಿ. ಹೆಣ ಎತ್ತಿದ ಮೇಲೆ ಮಾತ್ರ ಹಾಗೆ ಗುಡಿಸೋದು. ಇವನು ಬರ್ತೀನಿ ಅನ್ನಲಿಲ್ಲ. ಆದ್ರೂ ನಾನು ಮೂರು ದಿನ ಪೊರಕೆ ಮುಟ್ಟಲಿಲ್ಲ."

ಹೊರಡುವ ಹೊತ್ತಾಯಿತು. ಚಿಕ್ಕೀರ ಹೊಸಿಲಾಚೆ ನಿಂತ. ಹೋಗ್ತೀನಿ ಅನ್ನಲು ನಾಲಿಗೆ ಹೊರಳಲಿಲ್ಲ. ಬರ್ತೀನಿ ಅನ್ನಲು ವ್ರತ ಬಿಡಲಿಲ್ಲ. ಅಕ್ಕ ಅವನ ಬಾಯನ್ನೇ ನೋಡುತ್ತಿದ್ದಳು. 

ಗುರುಗಳು ಕೈ ಮುಗಿದರು. "ಬರ್ತೀವಿ ತಾಯಿ."

"ಹ್ಞೂಂ, ಬನ್ನಿ" ಅಂದಳು ಹೊಂಬಾಳಮ್ಮ.

ಬೀದಿಯ ತಿರುವಿನಲ್ಲಿ ಚಿಕ್ಕೀರ ಹಿಂತಿರುಗಿ ನೋಡಿದ. ಅಕ್ಕ ಜಗಲಿಯ ಮೇಲೆ ಸುಮ್ಮನೆ ಕೂತಿದ್ದಳು. ಪೊರಕೆ ಜಗಲಿಯ ಮೂಲೆಯಲ್ಲೇ ಇತ್ತು.

ಊರು ದಾಟಿದ ಮೇಲೆ ಅವನು ಸಿಡುಕಿದ. ಇಷ್ಟು ದಿನ ಬರ್ತೀನಿ ಅಂತಿದ್ದವರು ಇವತ್ತು ಬರ್ತೀವಿ ಅಂದದ್ದು ಯಾಕೆ, ನಿಮ್ಮ ಸುಳ್ಳಿಗೆ ನನ್ನನ್ನೂ ಯಾಕೆ ಸೇರಿಸಿದಿರಿ ಅಂತ ಕೇಳಿದ. ಗುರುಗಳು ಕೆಮ್ಮಿದರು. ಅವನ ಹೆಗಲು ಹಿಡಿದು ಮುಂದಿನ ಹೆಜ್ಜೆ ಇಟ್ಟರು.

ಇನ್ನೂ ಒಂಬತ್ತು ದಿನ ನಡೆದರು. ಕೊನೆಯ ಎರಡು ದಿನ ಚಿಕ್ಕೀರ ಗುರುಗಳನ್ನು ಬೆನ್ನ ಮೇಲೆ ಹೊತ್ತ. ನದಿ ಅಗಲವಾಯಿತು, ನಿಧಾನವಾಯಿತು, ನೀರು ಉಪ್ಪಾಯಿತು. ಒಂದು ಬೆಳಿಗ್ಗೆ ನೋಡಿದರೆ ಮುಂದೆ ದಡವೇ ಇರಲಿಲ್ಲ.

ಇದಕ್ಕಾಗಿಯೇ ಇಷ್ಟು ನಡೆದದ್ದು. ಮನಸ್ಸಿಗೆ ಏನೋ ಆಗುತ್ತದೆ ಅಂದುಕೊಂಡಿದ್ದ. ಏನೂ ಆಗಲಿಲ್ಲ. ಕಾಲು ನೋಯುತ್ತಿತ್ತು, ಅಷ್ಟೇ.

ಗುರುಗಳು ಅಲೆಗೆ ಪಾದ ಒಡ್ಡಿ ಕೂತರು. ಆಮೇಲೆ ಏಳಲು ಆಗಲಿಲ್ಲ. ಹತ್ತಿರದ ಮೀನುಗಾರರ ಮನೆಯ ಮುದುಕಿಯೊಬ್ಬಳು ಚಾಪೆ ಹಾಸಿದಳು, ಗಂಜಿ ಕುಡಿಸಿದಳು. ಈ ಜೀವ ಇನ್ನು ಎಲ್ಲಿಗೂ ಹೋಗಲ್ಲ, ಇಲ್ಲೇ ಇರಲಿ, ನಾವು ನೋಡಿಕೊಳ್ತೇವೆ ಅಂದಳು.

ಮೂರನೆಯ ದಿನ ಗುರುಗಳು ಚಿಕ್ಕೀರನನ್ನು ಹತ್ತಿರ ಕರೆದರು.

"ಇನ್ನು ಹೊರಡು."

"ಎಲ್ಲಿಗೆ? ನದಿ ಮುಗೀತಲ್ಲ."

"ಬಂದ ದಾರಿಯಲ್ಲೇ. ಒಂಬತ್ತು ದಿನದ ಹಾದಿ."

ಚಿಕ್ಕೀರನಿಗೆ ಯಾವ ಮನೆ ಅಂತ ಗೊತ್ತಾಯಿತು. ಕಣ್ಣು ತುಂಬಿತು, ಜೊತೆಗೆ ಸಿಟ್ಟೂ ಬಂತು.

"ಬರ್ತೀವಿ ಅಂದದ್ದು ನೀವು. ನೀವೇ ಬರಲ್ಲ ಅಂದ ಮೇಲೆ ಅದು ಸುಳ್ಳೇ ಆಯ್ತಲ್ಲ ಗುರುಗಳೇ."

ಬೋಳಯ್ಯ ಗುರುಗಳು ಕಣ್ಣು ಮುಚ್ಚಿಕೊಂಡೇ ತಲೆಯಾಡಿಸಿದರು.

"ನನ್ನ ಪಾಲು ಸುಳ್ಳಾಯ್ತಪ್ಪ. ನಿನ್ನ ಪಾಲು ಇನ್ನೂ ಆಗಿಲ್ಲ."