ಶ್ರುತಿ ಹಿಡಿದ ಕೈ

ಘಟಪ್ರಭೆಯ ದಂಡೆಯಲ್ಲಿ ಶ್ರೀ ಅಡಿವೆಯ್ಯಜ್ಜನವರು ವಾಸವಾಗಿದ್ದ ಸ್ಥಳವನ್ನು ಮಠ ಎನ್ನುವುದೇ ದೊಡ್ಡ ಮಾತು. ಮಣ್ಣಿನ ಮಾಳಿಗೆಯ ಒಂದು ಕೋಣೆ, ಅದರ ಮುಂದೊಂದು ಕಟ್ಟೆ, ಕಟ್ಟೆಯ ಮಗ್ಗುಲಲ್ಲಿ ಒಂದು ಬನ್ನಿ ಗಿಡ, ಇಷ್ಟೇ. ಪೂಜ್ಯರು ಹಗಲೆಲ್ಲ ಪುಂಡಿ ನಾರಿನ ಹಗ್ಗ ಹೊಸೆಯುತ್ತಿದ್ದರು. ಬೇಕಾದ ರೈತರು ಬಂದು ಒಯ್ಯುತ್ತಿದ್ದರು. ಸಂಜೆಯಾದರೆ ಅದೇ ಕಟ್ಟೆಯ ಮೇಲೆ ಕುಳಿತು ಶಿವನ ಪದ ಹಾಡುತ್ತಿದ್ದರು. ಎಂಬತ್ತು ದಾಟಿದ ಮೇಲೆ ಅವರಿಗೆ ಉಬ್ಬಸ ಹತ್ತಿತು. ಅರ್ಧ ಸಾಲಿಗೇ ಉಸಿರು ಕಟ್ಟುತ್ತಿತ್ತು. ಸುಧಾರಿಸಿಕೊಂಡು ಮತ್ತೆ ಎತ್ತಿಕೊಳ್ಳುವಾಗ ಸ್ವರ ಇನ್ನೆಲ್ಲೋ ಇರುತ್ತಿತ್ತು. ತಾಳ ಹಾಕುತ್ತಿದ್ದವರು ಕಾದು ಕಾದು ಬೇಸತ್ತು ಒಬ್ಬೊಬ್ಬರಾಗಿ ಬರುವುದನ್ನೇ ಬಿಟ್ಟರು. ದೊಡ್ಡವರ ಒಂದು ಉಸಿರಿಗೆ ಕಾಯುವಷ್ಟು ತಾಳ್ಮೆ ನಮಗೆಲ್ಲಿಯದು! ಕಡೆಗೆ ಉಳಿದವಳು, ನೀರು ತಂದಿಡುವ ಮುದುಕಿ ಬಾಳವ್ವ ಒಬ್ಬಳೇ. ಅಜ್ಜನವರು ಮಾತ್ರ ಒಂದು ದಿನವೂ ಹಾಡು ತಪ್ಪಿಸಲಿಲ್ಲ.

ಒಂದು ದಿನ ಇಳಿಹೊತ್ತಿನಲ್ಲಿ ಲಗಮಪ್ಪ ಭಜಂತ್ರಿ ಎಂಬ ಅರವತ್ತರ ಮನುಷ್ಯ ಆ ಕಟ್ಟೆಯ ಮುಂದೆ ಬಂದು ನಿಂತ. ಅವನ ಬಗಲಲ್ಲಿ ಬಟ್ಟೆ ಸುತ್ತಿದ ಶ್ರುತಿ ಇತ್ತು.

ಸನಾದಿ ಊದುವವನ ಪಕ್ಕದಲ್ಲಿ ಇನ್ನೊಬ್ಬ ಅಂಥದೇ ವಾದ್ಯ ಹಿಡಿದು ಒಂದೇ ಸ್ವರ ಊದುತ್ತ ನಿಂತಿರುವುದನ್ನು ನೀವು ನೋಡಿರಬಹುದು. ನೋಡಿದ್ದರೂ ಅವನ ಮುಖ ನೆನಪಿರಲಿಕ್ಕಿಲ್ಲ. ಆ ವಾದ್ಯವೇ ಶ್ರುತಿ. ಅದರ ತೂತುಗಳಿಗೆ ಮೇಣ ತುಂಬಿರುತ್ತದೆ, ಬೆರಳುಗಳಿಗೆ ಕೆಲಸವಿಲ್ಲ. ಮೂಗಿನಿಂದ ಉಸಿರೆಳೆಯುತ್ತ, ಗಲ್ಲದಲ್ಲಿ ತುಂಬಿಟ್ಟ ಗಾಳಿಯಿಂದ ಎಲ್ಲಿಯೂ ಕಡಿಯದಂತೆ ಸ್ವರ ನಡೆಸಬೇಕು. ಹರಿಕಥೆಯ ದಾಸರಿರಲಿ, ಯಕ್ಷಗಾನದ ಭಾಗವತರಿರಲಿ, ದರ್ಗಾದ ಕವ್ವಾಲಿಯವರಿರಲಿ, ಅವರ ಹಿಂದೆ ಹೀಗೆ ಸ್ವರ ಕಾಯುತ್ತ ಕುಳಿತ ಯಾರಾದರೊಬ್ಬರು ಇದ್ದೇ ಇರುತ್ತಾರೆ. ಹಾರ ತುರಾಯಿಗಳು ಅವರ ತನಕ ಬಂದು ಮುಟ್ಟುವುದು ಅಪರೂಪ. ಭಜಂತ್ರಿಯವರ ಮನೆತನದಲ್ಲಿ ಶ್ರುತಿಯವನಿಗೆ ಒಂದೇ ಕಟ್ಟುಪಾಡು: ಸನಾದಿಯವನು ಉಸಿರಿಗಾಗಿ ನಡುವೆ ತಡೆದರೂ ಶ್ರುತಿ ನಿಲ್ಲಬಾರದು. ಅದು ನಿಂತರೆ ಅವನು ತಿರುಗಿ ಬರುವುದು ಎಲ್ಲಿಗೆ?

ನಲವತ್ತೆರಡು ವರ್ಷ ಲಗಮಪ್ಪ ತನ್ನ ಅಣ್ಣ ಸಿದರಾಯನಿಗೆ ಶ್ರುತಿ ಹಿಡಿದಿದ್ದ. ಊರೂರಿನ ಜನ ಅವನನ್ನು ಸಿದರಾಯನ ತಮ್ಮ ಎಂದೇ ಕರೆಯುತ್ತಿದ್ದರು. ಅಷ್ಟು ಅವನಿಗೂ ಸಾಕಾಗಿತ್ತು. ಅಣ್ಣ ತೀರಿಹೋಗಿ ವರ್ಷ ಕಳೆದಿತ್ತು. ಮೇಳದವರು ಬ್ಯಾಟರಿ ಹಾಕಿದ ಶ್ರುತಿ ಪೆಟ್ಟಿಗೆ ತಂದುಕೊಂಡರು. ಮದುವೆ ಮಾಡಿಕೊಳ್ಳದೆ ಅಣ್ಣನ ಬೆನ್ನಿಗೇ ಬದುಕಿದವನಿಗೆ ಈಗ ಮನೆಯಲ್ಲಿ ‘ಉಂಡೆಯಾ’ ಎಂದು ಕೇಳುವ ಒಂದು ಜೀವ ಇರಲಿಲ್ಲ. ಒಂದು ಬೆಳಿಗ್ಗೆ ತಡೆಯಲಾರದೆ ಒಬ್ಬನೇ ಕುಳಿತು ಶ್ರುತಿ ಊದಿದ. ಪಕ್ಕದ ಮನೆಯವರು ಬಾಗಿಲಿಗೆ ಬಂದು, “ಬರೇ ಸುತಿ ಕೇಳಿದ್ರ ಮನ್ಯಾಗ ಯಾರೋ ಸತ್ತಂಗ ಆಗತೈತಿ, ಬ್ಯಾಡೋ ಮಾರಾಯ” ಎಂದರು. ಅವರದೂ ತಪ್ಪಲ್ಲ. ಸನಾದಿಯಿಲ್ಲದ ಶ್ರುತಿ ಬಿಕೋ ಎನ್ನುತ್ತದೆ.

“ಇದನ್ನ ನಿಮ್ಮ ಮಠದಾಗ ಇಟ್ಟು ಹೋಗಾಕ ಬಂದೀನ್ರಿ ಅಜ್ಜಾರ,” ಎಂದ ಲಗಮಪ್ಪ. “ಹೊಳ್ಯಾಗ ಬಿಡಾಕ ಮನಸು ಒಪ್ಪವಲ್ದು.”

ಪೂಜ್ಯರು ಹಗ್ಗ ಹೊಸೆಯುತ್ತಲೇ ಕೇಳಿದರು: “ನಿನ್ನ ಹೆಸರೇನೋ ತಮ್ಮಾ?”

“ಸನಾದಿ ಸಿದರಾಯನ ತಮ್ಮ ರೀ.”

“ನಿನ್ನ ಹೆಸರು ಕೇಳಿದ್ನೆಪಾ.”

ಲಗಮಪ್ಪ ತನ್ನ ಹೆಸರನ್ನು ತಾನೇ ಹೇಳಿದ. ಅದರ ಬೆನ್ನಿಗೇ, ಒಂದು ವರ್ಷದಿಂದ ಯಾರ ಮುಂದೆಯೂ ಆಡದ ಮಾತು ಹೊರಗೆ ಬಿತ್ತು.

“ಒಂದ ಮದುವ್ಯಾಗ, ಅಕ್ಕಿಕಾಳಿನ ಹೊತ್ತಿನ್ಯಾಗ ಅಣ್ಣ ಊದಾಕತ್ತಿದ್ದ ರೀ. ನಟ್ಟನಡುವ ಉಸಿರು ಹಿಡೀತು. ಸನಾದಿ ನಿಂತ್ತು. ನಾ ಸುತಿ ಹಿಡಕೊಂಡ ಇರಬೇಕಾಗಿತ್ತು, ಬಿಟ್ಟೆ. ಒಗದು ಓಡಿದೆ. ಅಂವ ನನ್ನ ತೊಡಿ ಮ್ಯಾಲ ನನ್ನ ಮಾರಿ ನೋಡಕೋತನ ಜೀವ ಬಿಟ್ಟ. ಯಾಕ ನಿಂದ್ರಿಸಿದಿ ಅಂತ ಕೇಳಿದಂಗಿತ್ತು ಆ ನೋಟ. ಹಿಡದಿದ್ರ ತಿರುಗಿ ಬರತಿದ್ನೋ ಏನೋ.”

ಇದೆಂಥ ಹುಚ್ಚು ವಿಚಾರ ಎಂದು ನಮಗೆ ಅನ್ನಿಸಬಹುದು. ಆದರೆ ನಲವತ್ತೆರಡು ವರ್ಷ ಅಣ್ಣ ಎಷ್ಟು ಸಲ ಉಸಿರು ತಡೆದಿದ್ದನೋ ಅಷ್ಟೂ ಸಲ ಆ ಸ್ವರಕ್ಕೇ ತಿರುಗಿ ಬಂದಿದ್ದ. ಇನ್ನೊಂದು ಗಳಿಗೆ ಹಿಡಿದಿದ್ದರೆ ಎಂಬ ಮಾತು ಲಗಮಪ್ಪನ ಎದೆಯಲ್ಲಿ ಮುರಿದ ಮುಳ್ಳಿನ ಹಾಗೆ ಕುಳಿತಿತ್ತು. ಜನರ ನಡುವೆ ಇದ್ದರೂ ಅವನು ಅದರೊಂದಿಗೆ ಒಬ್ಬನೇ ಇದ್ದ.

ಪೂಜ್ಯರು ಕೈಯಲ್ಲಿದ್ದ ಹಗ್ಗವನ್ನು ಕೆಳಗಿಟ್ಟರು. “ನನಗ ಉಸಿರು ಸಾಲವಲ್ದು, ಲಗಮಪ್ಪ,” ಎಂದರು. “ಇವತ್ತೊಂದು ಸಂಜಿ ಸುತಿ ಹಿಡಿ. ಆಮ್ಯಾಲ ಇಟ್ಟು ಹೋಗಾಂವಿದ್ರ ಹೋಗು.”

ಹೊತ್ತು ಹೊಳೆಯಾಚೆ ಇಳಿಯಿತು. ಲಗಮಪ್ಪ ಬಟ್ಟೆ ಬಿಚ್ಚಿ, ಕಟ್ಟೆಯ ತುದಿಯಲ್ಲಿ ಕುಳಿತು ಶ್ರುತಿಯನ್ನು ತುಟಿಗಿಟ್ಟ. ಪೂಜ್ಯರು ಕಣ್ಣುಮುಚ್ಚಿ ಹಾಡಿದರು. ಮೊದಲ ಸಾಲು ಸರಾಗವಾಗಿ ಬಂತು. ಎರಡನೆಯ ಸಾಲಿನ ಅರ್ಧಕ್ಕೆ ಉಸಿರು ಕಟ್ಟಿತು. ಎದೆ ಏರಿಳಿಯತೊಡಗಿತು, ಬೆನ್ನು ಬನ್ನಿ ಗಿಡಕ್ಕೆ ಒರಗಿತು. ಬಾಳವ್ವ ನೀರಿನ ಚರಿಗೆ ಹಿಡಿದು ಓಡಿ ಬಂದಳು.

ಲಗಮಪ್ಪ ಅವರನ್ನೇ ನೋಡಿದ. ಮತ್ತೆ ಅದೇ ಗಳಿಗೆ! ಬಿಟ್ಟು ಓಡಲೇ, ಹಿಡಿದಿರಲೇ? ಕಣ್ಣಲ್ಲಿ ದಳದಳ ನೀರು ಇಳಿಯುತ್ತಿದ್ದರೂ ಗಲ್ಲದ ಗಾಳಿ ಬಿಡದೆ ಸ್ವರ ಹಿಡಿದ. ಆಗ ಪೂಜ್ಯರ ಎಡಗೈ ಮೆಲ್ಲಗೆ ಮುಂದೆ ಬಂದು, ಅಂಗೈ ಮೇಲಾಗಿ ಅವನ ಕಡೆಗೆ ಚಾಚಿಕೊಂಡಿತು.

ಲಗಮಪ್ಪ ತನ್ನ ಕೈಗಳನ್ನು ನೋಡಿದ. ಎರಡೂ ಕೈ ಶ್ರುತಿಯನ್ನು ಗಟ್ಟಿಯಾಗಿ ಅವುಚಿಕೊಂಡಿದ್ದವು. ಒಂದಕ್ಕೆ ಅಲ್ಲಿ ಕೆಲಸವೇ ಇರಲಿಲ್ಲ. ಇಷ್ಟು ವರ್ಷ ಅದು ಸುಮ್ಮನೆ ರೂಢಿಗೆ ಹಿಡಿದಿತ್ತು. ಬಲಗೈ ಬಿಡಿಸಿ ಆ ಮುದಿಗೈಯನ್ನು ಹಿಡಿದುಕೊಂಡ. ಸ್ವರ ಒಮ್ಮೆ ನಡುಗಿತು, ಕಡಿಯಲಿಲ್ಲ. ಬಹಳ ಹೊತ್ತು ಕಟ್ಟೆಯ ಮೇಲೆ ಆ ಒಂದು ಸ್ವರ ಮಾತ್ರ ಇತ್ತು. ಪೂಜ್ಯರ ಉಸಿರು ಹದಕ್ಕೆ ಬಂತು. ಸಾಲು ಎಲ್ಲಿ ನಿಂತಿತ್ತೋ ಅಲ್ಲಿಂದಲೇ, ಅದೇ ಸ್ವರದಲ್ಲಿ ಎತ್ತಿಕೊಂಡು ಪದವನ್ನು ಪೂರ್ತಿ ಹಾಡಿದರು. ಬಾಳವ್ವ ಪದದ ಕೊನೆಯನ್ನು ಕೇಳಿ ಎಷ್ಟೋ ತಿಂಗಳಾಗಿತ್ತು.

“ಈ ಸಲ ಹಿಡದೆ ರೀ ಅಜ್ಜಾರ,” ಎಂದು ಲಗಮಪ್ಪ ಬಿಕ್ಕಿದ. “ಅವತ್ತ ಯಾಕ ಹಿಡೀಲಿಲ್ಲ ನಾನು?”

ಪೂಜ್ಯರು ಅವನ ಕೈ ಬಿಡದೆ ಹೇಳಿದರು: “ನಾ ಕುಂತಿದ್ದೆ, ನನಗ ಒಂದ ಕೈ ಸಾಕಾತು. ನಿಮ್ಮಣ್ಣ ಬೀಳಾಕತ್ತಿದ್ದ. ಬೀಳಾಂವನ್ನ ಹಿಡಿಯಾಕ ಎರಡೂ ಕೈ ಬೇಕೋ ತಮ್ಮಾ. ನೀ ಸಾಥ ಬಿಟ್ಟಿಲ್ಲ.”

ಲಗಮಪ್ಪ ಅವರ ಪಾದಕ್ಕೆ ಹಣೆ ಹಚ್ಚಿ ಗಟ್ಟಿಯಾಗಿ ಅತ್ತ. ಅಣ್ಣನನ್ನು ಮಣ್ಣು ಮಾಡಿದ ದಿನವೂ ಅವನು ಹಾಗೆ ಅತ್ತಿರಲಿಲ್ಲ.

ಅವನು ಶ್ರುತಿ ಇಟ್ಟು ಹೋಗಲಿಲ್ಲ. ಹಗಲು ಹಗ್ಗ ಹೊಸೆಯುವುದನ್ನು ಕಲಿತ, ಸಂಜೆ ಶ್ರುತಿ ಹಿಡಿದ. ಬಿಟ್ಟುಹೋದವರು ಒಬ್ಬೊಬ್ಬರೇ ತಿರುಗಿ ಬಂದರು. ಬಂದವರು ಅವನನ್ನು ಲಗಮಣ್ಣ ಎಂದು ಹೆಸರು ಹಿಡಿದು ಕರೆದರು. ಹೀಗೆ ಮೂರು ವರ್ಷ ನಡೆಯಿತು.

ನಾಲ್ಕನೆಯ ವರ್ಷದ ಕಾರ್ತಿಕದಲ್ಲಿ ಒಂದು ಸಂಜೆ ಪೂಜ್ಯರ ಹಾಡು ಅರ್ಧ ಸಾಲಿಗೆ ನಿಂತಿತು. ಲಗಮಪ್ಪ ಎಂದಿನಂತೆ ಸ್ವರ ಹಿಡಿದು ಬಲಗೈ ಚಾಚಿದ. ಆ ಕಡೆಯ ಕೈ ಬರಲಿಲ್ಲ. ಪೂಜ್ಯರು ಮಗ್ಗುಲಿಗೆ ವಾಲುತ್ತಿದ್ದರು. ಯಾರೂ ಹೇಳದೆ ಅವನೇ ಶ್ರುತಿಯನ್ನು ಕಟ್ಟೆಯ ಮೇಲೆ ಇಟ್ಟು, ಎರಡೂ ಕೈಯಿಂದ ಅವರನ್ನು ಹಿಡಿದು ತೊಡೆಯ ಮೇಲೆ ಮಲಗಿಸಿಕೊಂಡ. ಅವರ ಕಣ್ಣು ತೆರೆದೇ ಇದ್ದವು, ಅವನ ಮುಖದ ಮೇಲೇ ಇದ್ದವು. ಲಗಮಪ್ಪ ಆ ನೋಟವನ್ನು ಬಹಳ ಹೊತ್ತು ನೋಡಿದ. ಅದರಲ್ಲಿ ಯಾವ ಪ್ರಶ್ನೆಯೂ ಇರಲಿಲ್ಲ. ಅಣ್ಣನ ನೋಟದಲ್ಲಿಯೂ ಇರಲಿಲ್ಲವೆಂದು ಅವನಿಗೆ ಆಗ ತಿಳಿಯಿತು.