ಮುತ್ತಿಯ ಚೊಕ್ಕಟತನ

ಲಿಲ್ಲಿಬಾಯಿಯ ಮನೆಯಲ್ಲಿ ಮುತ್ತಿ ಎಂಬ ಬಿಳಿ ಬೆಕ್ಕಿತ್ತು. ತನ್ನಷ್ಟು ಚೊಕ್ಕಟವಾದ ಪ್ರಾಣಿ ಊರಲ್ಲೇ ಇಲ್ಲವೆಂದು ಅದಕ್ಕೆ ಹೆಮ್ಮೆ. ಅದು ಒಂದೇ ಒಂದು ಮರಿ ಹಾಕಿದ್ದಾಗ ಮನೆಯಲ್ಲಿ ಚಿಗಟ ಹೆಚ್ಚಿತು. ಲಿಲ್ಲಿಬಾಯಿ ನಾಯಿ ಕರಿಯನಿಗೆ ಔಷಧಿ ಹಚ್ಚಿದಳು, ಅವನ ಹಾಸಿಗೆಯನ್ನು ಬಿಸಿನೀರಿನಲ್ಲಿ ಕುದಿಸಿದಳು. ಆಮೇಲೆ ಹಣಿಗೆ ಹಿಡಿದು ಬೆಕ್ಕನ್ನು ಹುಡುಕಿದಳು. ಮುತ್ತಿ ಮರಿಯನ್ನು ಕಚ್ಚಿಕೊಂಡು ಬೀರುವಿನ ಮೇಲೆ ಹಾರಿತು.

“ಕೆಳಗೆ ಬಾ ಮುತ್ತಕ್ಕಾ,” ಎಂದ ಕರಿಯ. “ನನಗೀಗ ಹಾಯಾಗಿದೆ. ಆ ಎಳೆಗೂಸನ್ನಾದರೂ ಅಮ್ಮನ ಕೈಗೆ ಕೊಡು.”

“ಚಿಗಟ ಆಗುವುದು ನಾಯಿಗಳಿಗೆ,” ಎಂದಿತು ಮುತ್ತಿ. “ದಿನವಿಡೀ ಮೈ ನೆಕ್ಕಿಕೊಳ್ಳುವ ನಾನು ಹಣಿಗೆಗೆ ತಲೆಯೊಡ್ಡಿದರೆ ಬೀದಿಯ ಬೆಕ್ಕುಗಳು ಏನೆಂದಾವು?”

“ಮರಿಯ ಕುತ್ತಿಗೆಯಲ್ಲಿ ಹರಿದಾಡುತ್ತಿರುವುದು ಇಲ್ಲಿಗೇ ಕಾಣುತ್ತಿದೆಯಲ್ಲ!”

“ಅದು ಧೂಳು,” ಎಂದು ಮುತ್ತಿ ಮುಖ ತಿರುಗಿಸಿತು.

ಧೂಳಲ್ಲವೆಂದು ಅದಕ್ಕೂ ಗೊತ್ತಿತ್ತು. ಆದರೂ ಲಿಲ್ಲಿಬಾಯಿ ಸ್ಟೂಲು ಹತ್ತಿ ಕೈಚಾಚಿದಾಗ ಮರಿಯೊಂದಿಗೆ ಅಟ್ಟಕ್ಕೆ ಓಡಿತು. ಅಲ್ಲಿ ಚಿಗಟಗಳು ದಿನವೂ ರಕ್ತ ಹೀರಿ ಮರಿಯ ಒಸಡು ಸುಣ್ಣದಂತೆ ಬಿಳಿಚಿಕೊಂಡಿತು. ಕೊನೆಗೆ ಹಾಲು ಕುಡಿಯಲೂ ಅದು ತಲೆಯೆತ್ತಲಿಲ್ಲ. ಆಗ ಮುತ್ತಿ ಮರಿಯನ್ನು ತಂದು ಲಿಲ್ಲಿಬಾಯಿಯ ಕಾಲ ಬಳಿ ಇಟ್ಟು, “ಬಾಚಮ್ಮಾ, ಎಲ್ಲರೂ ನೋಡಲಿ, ಬಾಚು,” ಎಂದು ಗೋಗರೆಯಿತು.

ಲಿಲ್ಲಿಬಾಯಿ ಮರಿಯ ಎದೆ ಮುಟ್ಟಿ ನೋಡಿ, ಹಣಿಗೆಯನ್ನು ಪಕ್ಕಕ್ಕಿಟ್ಟಳು.

ಮರಿಯ ಮೈ ತಣ್ಣಗಾಗುತ್ತಿದ್ದಂತೆ ಚಿಗಟಗಳು ಅದನ್ನು ಬಿಟ್ಟು ತಾಯಿಯ ಬೆಚ್ಚನೆಯ ಮೈಗೆ ಹತ್ತಿಕೊಂಡವು. ಮುತ್ತಿ ಕೆರೆದುಕೊಳ್ಳಲೂ ಇಲ್ಲ.